ದಿಕ್ಕು ಕಾಣದ ಕೋಣೆ

ಗಿಣಿಗೇರಾದ ಪಕೀರಮ್ಮನಿಗೆ ಏನನ್ನೂ ಕೇಳದೆ ಒಪ್ಪಿಕೊಂಡು ಗೊತ್ತಿಲ್ಲ. ಮನೆ ಕಟ್ಟಿಸುವಾಗ ಪ್ರಶ್ನೆ ಕೇಳಿ ಕೇಳಿಯೇ ಗೌಂಡಿಯನ್ನು ಸುಸ್ತು ಮಾಡಿದ್ದಳು. ಉತ್ತರಕ್ಕೆ ತಲೆಯಿಟ್ಟು ಮಲಗಿದರೆ ದೋಷವೆಂದು, ಮಂಚ ತಿರುಗಿಸಿ ಹಾಕಲು ಅಡ್ಡ ಬಂದ ಗೋಡೆಯೊಂದನ್ನು ಕೆಡವಿಸಿಯೂ ಇದ್ದಳು.

ಈಗ ಮಗಳು ಅಮೃತಾ ಮನೆಮಂದಿಯನ್ನೆಲ್ಲ ಮುಂಬೈಯಿಂದ ಹಡಗಿನ ಪ್ರವಾಸಕ್ಕೆ ಕರೆದೊಯ್ಯುವವಳಿದ್ದಳು. ಮೊಬೈಲಿನಲ್ಲಿ ಕೋಣೆಗಳನ್ನು ತೋರಿಸಿದಳು: ಬಾಲ್ಕನಿ ಇರುವುದು, ಬರೀ ಕಿಟಕಿ ಇರುವುದು, ಎರಡೂ ಇಲ್ಲದೆ ಹಡಗಿನ ಒಳಮಗ್ಗುಲಿಗೆ ಇರುವುದು.

“ಮಂಚದ ತಲಿ ಯಾವ ದಿಕ್ಕಿಗೈತಿ?” ಪಕೀರಮ್ಮ ಕೇಳಿದಳು.

“ಹಡಗು ತಿರುಗಿದಂಗ ಅದೂ ತಿರುಗತೈತಿ ಬೇ. ಬಾಲ್ಕನಿದು ತಗೊಳ್ಳೋಣ, ಸಮುದ್ರ ಕಾಣತೈತಿ.”

ಮಲಗಿದವರನ್ನು ಹೊತ್ತುಕೊಂಡೇ ತಿರುಗುವ ಮನೆಯನ್ನು ಪಕೀರಮ್ಮ ಕಂಡು ಕೇಳಿರಲಿಲ್ಲ. ಮೊಬೈಲನ್ನು ಅಂಗೈಯಲ್ಲಿಟ್ಟು ಮೆಲ್ಲಗೆ ಒಂದು ಸುತ್ತು ತಿರುಗಿಸಿ ನೋಡಿದಳು. ಮುಖ ಅರಳಿತು.

“ಸಮುದ್ರ ಹಗಲೊತ್ತು ಮ್ಯಾಲ ನಿಂತು ನೋಡಿದರಾತು. ಮಲಗಾಕ ಕಿಟಕಿ ಇಲ್ಲದ್ದ ತಗೋ.”

“ಯಾಕ ಬೇ?”

“ಹೊರಗಿಂದು ಕಂಡ್ರ ದಿಕ್ಕು ಗೊತ್ತಾಗಿ ರಾತ್ರಿಯೆಲ್ಲ ದಿಂಬು ಎತ್ತೆತ್ತಿ ಇಡಬೇಕು. ಕಾಣಲಿಲ್ಲಂದ್ರ ಆ ದೋಷ ನಮಗಲ್ಲ, ಹಡಗು ನಡಸಾವಗ.”