ಆ ಹೆಂಗಸಿಗೆ ಕಾರು ಓಡಿಸಲು ಬರುತ್ತಿತ್ತೇ?

ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ, ಪರ್ಕಳದ ನನ್ನ ಮನೆಯ ಜಗಲಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದೆ. ಆಗ ಫೋನು ಸದ್ದು ಮಾಡಿತು. ಹಳೆಯ ಸಹಪಾಠಿಗಳ ಗುಂಪಿನಲ್ಲಿ ಯಾರೋ ಒಂದು ವೀಡಿಯೊ ಹಾಕಿದ್ದರು. ನಾವು ಹೈಸ್ಕೂಲಿನಲ್ಲಿದ್ದಾಗ ಟಿವಿಯಲ್ಲಿ ಬರುತ್ತಿದ್ದ ಒಂದು ಕಾರಿನ ಜಾಹೀರಾತು.

ನಿಮಗೆ ನೆನಪಿಲ್ಲದಿದ್ದರೆ ಹೇಳುತ್ತೇನೆ. ಒಂದು ಪುಟ್ಟ ಬಿಳಿ ಕಾರು ಘಾಟಿ ಹತ್ತುತ್ತದೆ. ಗಂಡ ಓಡಿಸುತ್ತಿದ್ದಾನೆ. ಹೆಂಡತಿ ಎಡಗಡೆ ಕುಳಿತಿದ್ದಾಳೆ, ಮಡಿಲಲ್ಲಿ ಟಿಫಿನ್ ಕ್ಯಾರಿಯರ್. ತುದಿಗೆ ಬಂದಾಗ ಗಂಡ ಕಾರು ನಿಲ್ಲಿಸಿ, ಇಳಿದು, ಸೊಂಟದ ಮೇಲೆ ಕೈಯಿಟ್ಟು ಕಣಿವೆಯನ್ನು ನೋಡುತ್ತಾನೆ, ತಾನೇ ಅದನ್ನು ಅಗೆಸಿದವನ ಹಾಗೆ. ಹಿಂದಿನಿಂದ ಹಾರ್ನ್ ಕೇಳುತ್ತದೆ. ತಿರುಗಿ ನೋಡಿದರೆ ಹೆಂಡತಿ ಸ್ಟಿಯರಿಂಗಿನ ಎದುರು ಕುಳಿತು ನಗುತ್ತಿದ್ದಾಳೆ. ಅಷ್ಟೇ. ಕಾರಿನ ಹೆಸರು ಬರುತ್ತದೆ, ಮುಗಿಯುತ್ತದೆ. ಅವಳು ಹೊರಟಳೇ, ಅವನಿಗಾಗಿ ಕಾದಳೇ, ಅಸಲಿಗೆ ಅವಳಿಗೆ ಕಾರು ಓಡಿಸಲು ಬರುತ್ತಿತ್ತೇ, ಏನನ್ನೂ ಹೇಳುವುದಿಲ್ಲ.

ಮೂರು ಸಲ ನೋಡಿದೆ. ಬೇರೆ ದಿನವಾದರೆ ನಕ್ಕು ಬಿಡುತ್ತಿದ್ದೆ. ಆದರೆ ಅದೇ ಸಂಜೆ ನಾನು ಒಂದು ಸಾಕ್ಷಿ ಹೇಳಬೇಕಿತ್ತು. ಕೋರ್ಟಿನಲ್ಲಲ್ಲ, ಕಾಪುವಿನಲ್ಲಿ, ನನ್ನ ಅಕ್ಕನ ಮನೆಯ ಊಟದ ಮೇಜಿನಲ್ಲಿ. ಕೇಳುವವಳು ಅಕ್ಕನ ಮಗಳು ವಿನಯಾ. ಅರವತ್ತಮೂರು ವರ್ಷದ ಅಕ್ಕನ ಕೈಯಲ್ಲಿ ಕಾರಿನ ಕೀ ಉಳಿಯುತ್ತದೋ ಇಲ್ಲವೋ ಎಂಬುದು ನಾನು ಹೇಳುವ ಮಾತಿನ ಮೇಲೆ ನಿಂತಿತ್ತು. ಹಿಂದಿನ ದಿನ ಅವಳ ಎಡಗಡೆಯ ಸೀಟಿನಲ್ಲಿ ಕುಳಿತಿದ್ದವನು ನಾನೊಬ್ಬನೇ.

ಆ ಜಾಹೀರಾತು ನಮ್ಮ ಮನೆಯಲ್ಲಿ ಎಬ್ಬಿಸಿದ ಗದ್ದಲವನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮದು ತುಳು ಮನೆ, ಮಾತೆಲ್ಲ ತುಳುವಿನಲ್ಲೇ. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ಭಾನುವಾರ ಸಂಜೆ ಅದು ಬಂತೆಂದರೆ ವಾದ ಶುರು.

“ಅವಳು ಸುಮ್ಮನೆ ತಮಾಷೆಗೆ ಹಾರ್ನ್ ಒತ್ತಿದ್ದು,” ಎಂದು ಅಮ್ಮ. “ಗಂಡ ಬಂದ ಕೂಡಲೇ ಆಚೆ ಸರಿಯುತ್ತಾಳೆ.”

“ಎಂತ ಸರಿಯುವುದು? ಹೋಗಿಬಿಡುತ್ತಾಳೆ,” ಎಂದು ಅಕ್ಕ. “ಕ್ಯಾರಿಯರ್ ಸಮೇತ.”

“ಗಂಡನಿಗೆ ಊಟ?”

“ಅವನು ಕಣಿವೆ ನೋಡಲಿ, ಹೊಟ್ಟೆ ತುಂಬುತ್ತದೆ.”

ನನ್ನ ಸಮಸ್ಯೆ ಬೇರೆ. ಹ್ಯಾಂಡ್‌ಬ್ರೇಕ್ ಹಾಕಿದ್ದಾನೋ ಇಲ್ಲವೋ ಎಂದು ನಾನು ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದೆ. ಮುಂದೆ ಸರ್ವೆಯ ಕೆಲಸಕ್ಕೆ ಸೇರಿ ಮೂವತ್ತು ವರ್ಷ ಜನರ ಗಡಿಕಲ್ಲುಗಳನ್ನು ಅಳೆದವನ ಲಕ್ಷಣ ಆಗಲೇ ಇತ್ತು ಎನ್ನಿ. ಅಂದಹಾಗೆ, ನನಗೆ ಇವತ್ತಿಗೂ ಕಾರು ಓಡಿಸಲು ಬರುವುದಿಲ್ಲ.

ಮರುವರ್ಷ ಅಮ್ಮನ ತಮ್ಮ, ನಮ್ಮ ಬಹ್ರೈನ್ ಮಾವ, ರಜೆಯಲ್ಲಿ ಊರಿಗೆ ಬಂದರು. ಹದಿನೆಂಟು ವರ್ಷ ಬಹ್ರೈನಿನಲ್ಲಿ ನೀರಿನ ಟ್ಯಾಂಕರ್ ಓಡಿಸಿದವರು. ಬಂದ ವಾರದಲ್ಲೇ, ತನ್ನ ಅಕ್ಕನ, ಅಂದರೆ ನಮ್ಮ ಅಮ್ಮನ, ಮನೆಗೊಂದು ಕಾರು ಬೇಕೆಂದು ಉಡುಪಿಯಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಕಾರು ಹಿಡಿದರು. ಬಿಳಿಯದು, ಪುಟ್ಟದು, ಜಾಹೀರಾತಿನದ್ದೇ. ಮಾರಿದವರ ಡ್ರೈವರ್ ಅದನ್ನು ತಂದು ಅಂಗಳದಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ಹೋದ.

ಬೆಳಿಗ್ಗೆ ಪೂಜೆ. ಕಾರಿಗೆ ಅಬ್ಬಲಿಗೆಯ ಮಾಲೆ, ನಾಲ್ಕು ಚಕ್ರಗಳಡಿ ನಾಲ್ಕು ಲಿಂಬೆಹಣ್ಣು. ನೆರೆಯವರೆಲ್ಲ ಅಂಗಳದಲ್ಲಿ. ಮಾವ ಬಿಳಿ ಪ್ಯಾಂಟು, ಅತ್ತರು, ಕಪ್ಪು ಕನ್ನಡಕ. ಲಿಂಬೆಹಣ್ಣು ಮೆಟ್ಟಿಸಿ ಕಾರನ್ನು ಗೇಟಿನ ತನಕ ಒಯ್ಯುವುದು ಅವರ ಕೆಲಸ, ಪಕ್ಕದಲ್ಲಿ ನನ್ನ ಅಕ್ಕ ಕೂರುವುದೆಂದು ಮಾತಾಗಿತ್ತು. ಮಾವ ಗಂಭೀರವಾಗಿ ನಡೆದು, ಎಡಗಡೆಯ ಬಾಗಿಲು ತೆಗೆದು, ಕುಳಿತು, ಬಾಗಿಲು ಹಾಕಿ, ಎರಡೂ ಕೈ ಮುಂದೆ ಚಾಚಿದರು. ಅಲ್ಲಿ ಸ್ಟಿಯರಿಂಗ್ ಇರಲಿಲ್ಲ.

ಬಹ್ರೈನಿನಲ್ಲಿ ಅದು ಎಡಗಡೆ ಇರುತ್ತದೆ. ಹದಿನೆಂಟು ವರ್ಷದ ಅಭ್ಯಾಸ ಅವರನ್ನು ಅಲ್ಲಿ ಕೂರಿಸಿತ್ತು. ಅಷ್ಟರಲ್ಲಿ ಅಕ್ಕ, ಮಾವ ಒಂದು ಕಡೆ ಕುಳಿತರೆ ತನ್ನದು ಇನ್ನೊಂದು ಕಡೆ ಎಂದು, ಸುತ್ತು ಹಾಕಿ ಬಲಗಡೆಯ ಬಾಗಿಲು ತೆಗೆದು ಕುಳಿತಿದ್ದಳು. ಸ್ಟಿಯರಿಂಗ್ ಅವಳ ಎದೆಯೆದುರು. ಒಂದು ಕ್ಷಣ ಅವಳು ಅದನ್ನು ನೋಡಿದಳು. ಮತ್ತೆ ಅಮ್ಮನನ್ನು ನೋಡಿದಳು. ಹಾರ್ನ್ ಒತ್ತಿದಳು.

“ಎಂತ ಮಾರಾಯ್ತಿ, ನೀನು ಎಲ್ಲಿಗೆ?” ಎಂದರು ಮಾವ.

“ನೀವೇ ಅಲ್ವಾ ಮಾವ ಆಚೆ ಕೂತದ್ದು.”

ಅಂಗಳ ಗೊಳ್ಳೆಂದು ನಕ್ಕಿತು. ಯಾರೋ, “ದೊರೆಗಳಿಗೆ ಡ್ರೈವರ್ ಬಂದಾಯಿತು!” ಎಂದರು. ಇಪ್ಪತ್ತು ಜನರ ಎದುರು ತಪ್ಪು ಬಾಗಿಲಲ್ಲಿ ಹತ್ತಿದೆ ಎಂದು ಒಪ್ಪಿಕೊಳ್ಳುವ ಜಾತಿ ಮಾವನದ್ದಲ್ಲ. ಕಪ್ಪು ಕನ್ನಡಕ ಸರಿಮಾಡಿಕೊಂಡು, “ನಾನು ಬೇಕೆಂದೇ ಈಚೆ ಕೂತದ್ದು. ಇವಳಿಗೆ ಕಲಿಸ್ಲಿಕ್ಕೆ ಉಂಟು,” ಎಂದರು.

ಹೇಳಿದ ಮೇಲೆ ಕಲಿಸಲೇಬೇಕಾಯಿತು. ಎರಡು ತಿಂಗಳ ರಜೆ ಪೂರ್ತಿ, ದಿನಾ ಬೆಳಿಗ್ಗೆ ಕಾಪುವಿನ ಲೈಟ್‌ಹೌಸಿನ ರಸ್ತೆಯಲ್ಲಿ. ಹಿಂದಿನ ಸೀಟಿನಲ್ಲಿ ನಾನು. ಮಾವ ಕಲಿಸಿದ್ದರಲ್ಲಿ ಅರ್ಧ ಸರಿ, ಅರ್ಧ ಬಹ್ರೈನ್. ಎದುರಿನಿಂದ ವಾಹನ ಬಂದರೆ “ಬಲಕ್ಕೆ, ಬಲಕ್ಕೆ” ಎಂದು ಬೊಬ್ಬೆ ಹಾಕುತ್ತಿದ್ದರು. ಅಕ್ಕ ಶಾಂತವಾಗಿ ಎಡಕ್ಕೆ ತೆಗೆದು, “ಬಹ್ರೈನಿಗೆ ಹೋದಾಗ ಬಲಕ್ಕೆ ಹೋಗ್ತೇನೆ ಮಾವ,” ಎನ್ನುತ್ತಿದ್ದಳು. ಮಾವ ವಿಮಾನ ಹತ್ತುವ ಮೊದಲು ಅವಳಿಗೆ ಲೈಸೆನ್ಸ್ ಬಂತು.

ಅಕ್ಕ ಆಗ ಕಾರ್ಕಳದ ಒಂದು ಶಾಲೆಯಲ್ಲಿ ಹೊಸದಾಗಿ ಟೀಚರ್. ಬಸ್ಸು ಬಿಟ್ಟು ಕಾರಿನಲ್ಲೇ ಹೋಗತೊಡಗಿದಳು. ಶಿರ್ವ, ಬೆಳ್ಮಣ್, ಕಾರ್ಕಳ. ಮೊದಲ ದಿನ ಜೊತೆಗೆ ನನ್ನನ್ನು ಕಳಿಸಿದರು, ಕಾರು ಕೆಟ್ಟರೆ ಒಂದು ಗಂಡು ಇರಲಿ ಎಂದು. ಆ ಗಂಡು ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಿತ್ತು. ಬೆಳ್ಮಣ್ಣಿನ ಹತ್ತಿರದ ಏರಿನಲ್ಲಿ ಎಂಜಿನ್ ನಿಂತಿತು. ಹಿಂದೆ ಬಸ್ಸು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ, “ಅಕ್ಕಾ, ದೂಡ್ಲಿಕ್ಕೆ ಜನ ಬೇಕಾ?” ಎಂದು ಕೂಗಿದ.

“ಜನ ಬೇಡ, ಜಾಗ ಕೊಡಿ,” ಎಂದಳು ಅಕ್ಕ. ಕೀ ತಿರುಗಿಸಿದಳು, ಕಾರು ಒಂದು ಗೇಣು ಹಿಂದೆ ಜಾರಿ, ಮತ್ತೆ ಹತ್ತಿತು. ಬಸ್ಸಿನವರು ಸೀಟಿ ಹೊಡೆದರು. ಅವಮಾನದ ಸೀಟಿಯಲ್ಲ, ಮೆಚ್ಚುಗೆಯದ್ದು; ವ್ಯತ್ಯಾಸ ನನಗೆ ಗೊತ್ತಾಯಿತು. ಅವತ್ತು ನನ್ನ ಎದೆ ಉಬ್ಬಿದ್ದು ಇನ್ನೂ ಪೂರ್ತಿ ಇಳಿದಿಲ್ಲ. ಅಲ್ಲಿಂದ ನಿವೃತ್ತಿಯ ತನಕ, ಮದುವೆ, ಬಾಣಂತನ, ಭಾವ ತೀರಿಕೊಂಡದ್ದು ಎಲ್ಲದರ ನಡುವೆ, ಅವಳು ಆ ದಾರಿಯಲ್ಲಿ ಓಡಿಸಿದಳು. ಕಾರುಗಳು ಬದಲಾದವು, ಬಣ್ಣ ಬದಲಾಗಲಿಲ್ಲ. ನಾನು ಮಾತ್ರ ಮನಸ್ಸಿನಲ್ಲಿ ಜಾಹೀರಾತಿನ ಮುಂದಿನ ಭಾಗವನ್ನು ಕಟ್ಟುತ್ತಲೇ ಇದ್ದೆ: ಆ ಹೆಂಗಸು ಘಾಟಿ ಇಳಿಯುತ್ತಾಳೆ, ಎಲ್ಲಿಯೂ ತಪ್ಪುವುದಿಲ್ಲ, ಜನ ಸೀಟಿ ಹೊಡೆಯುತ್ತಾರೆ.

ಇನ್ನು ಆ ಹಿಂದಿನ ದಿನದ ವಿಷಯ. ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ.

ಅಕ್ಕ ಮತ್ತು ನಾನು ಕಾರ್ಕಳದಲ್ಲಿ ಅವಳ ಹಳೆಯ ಸಹೋದ್ಯೋಗಿಯ ಮನೆಗೆ ಹೋಗಿ, ನನ್ನನ್ನು ಪರ್ಕಳದಲ್ಲಿ ಇಳಿಸಲೆಂದು ಹಿರಿಯಡ್ಕದ ದಾರಿಯಾಗಿ ಬರುತ್ತಿದ್ದೆವು. ಮಧ್ಯಾಹ್ನದ ಬಿಸಿಲು, ಒಣ ರಸ್ತೆ. ಹಿರಿಯಡ್ಕ ದಾಟಿದ ಮೇಲೆ ಎಡಗಡೆಯ ಒಂದು ಒಳದಾರಿಯಿಂದ ಮೀನಿನವನ ಸ್ಕೂಟರ್ ಬಂತು, ಹಿಂದೆ ಪೆಟ್ಟಿಗೆ ಕಟ್ಟಿಕೊಂಡು. ಅವನು ರಸ್ತೆ ನೋಡಲಿಲ್ಲ. ನನಗೆ ಅವನು ಕಂಡ. ಅಕ್ಕ ನಿಧಾನ ಮಾಡುತ್ತಾಳೆಂದು ಕಾದೆ. ಮಾಡಲಿಲ್ಲ. “ಎಡಕ್ಕೆ ನೋಡು!” ಎಂದು ಕೂಗಿದೆ. ಆಮೇಲೆ ಬ್ರೇಕ್.

ಸ್ಕೂಟರ್ ಅಡ್ಡ ಬಿತ್ತು. ನಮ್ಮ ಕಾರು ತಾಗಲಿಲ್ಲ; ಬಂಪರಿಗೂ ಅದರ ಚಕ್ರಕ್ಕೂ ನಡುವೆ ಒಂದು ಗೇಣು. ಟಾರಿನ ಮೇಲಿನ ಬ್ರೇಕ್ ಗುರುತು ನನ್ನ ಹೆಜ್ಜೆಯಲ್ಲಿ ಹನ್ನೊಂದು. ಸರ್ವೆಯವನ ಅಭ್ಯಾಸ, ಇಳಿದ ಕೂಡಲೇ ಅಳೆದೆ. ಮೀನಿನವನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ರಸ್ತೆಯ ತುಂಬ ಬಂಗುಡೆ ಮೀನು.

“ತಪ್ಪು ನಂದೇ ಅಮ್ಮ, ನೋಡದೆ ಬಂದೆ,” ಎಂದ ಅವನು ಎದ್ದು ನಿಂತು.

ಅಕ್ಕ ಕಾರಿನಿಂದ ಇಳಿದಳು. ಬಗ್ಗಿ ಬಂಗುಡೆಗಳನ್ನು ಒಂದೊಂದಾಗಿ ಹೆಕ್ಕಿ ಪೆಟ್ಟಿಗೆಗೆ ಹಾಕಿದಳು. “ಬಿಡಿ ಅಮ್ಮ, ನಿಮ್ಮ ಸೀರೆಯೆಲ್ಲ ಮೀನಾಗ್ತದೆ,” ಎಂದರೂ ಕೇಳಲಿಲ್ಲ. ಸೇರಿದವರಲ್ಲಿ ಒಬ್ಬಳು ಅವಳ ಹಳೆಯ ವಿದ್ಯಾರ್ಥಿನಿ. ಗಾಬರಿಯಲ್ಲಿ ವಿನಯಾಳಿಗೆ ಫೋನು ಮಾಡಿದ್ದು ಅವಳೇ. ಪರ್ಕಳದ ತನಕ ಅಕ್ಕ ಎರಡನೇ ಗೇರಿನಲ್ಲೇ ಬಂದಳು. ನಾನು ಇಳಿಯುವಾಗ ಒಂದೇ ಪ್ರಶ್ನೆ ಕೇಳಿದಳು.

“ನೀನು ಕೂಗಿದ್ದು ಯಾವಾಗ?”

“ಅವನು ಕಂಡ ಮೇಲೆ, ಸ್ವಲ್ಪ ಕಾದು.”

“ಹಾಗಾ,” ಎಂದಳು.

ಮರುದಿನ ಸಂಜೆ ಕಾಪುವಿನಲ್ಲಿ ವಿನಯಾ ನನ್ನೆದುರು ಕುಳಿತಳು. ಮಣಿಪಾಲದ ಒಂದು ಲ್ಯಾಬಿನಲ್ಲಿ ಕೆಲಸ ಅವಳಿಗೆ. ಕೇಳುವ ರೀತಿಯೂ ಹಾಗೇ.

“ಮಾವ, ನೀವು ಸರ್ವೆಯವರು. ಒಂದು ಇಂಚು ಆಚೀಚೆ ಹೇಳುವವರಲ್ಲ. ಎಂತ ಆಯಿತು, ಹೇಳಿ. ಅಮ್ಮ ಇನ್ನು ಓಡಿಸಬಹುದಾ, ಬೇಡವಾ?”

ಬಸ್ಸಿನಲ್ಲಿ ಬರುವಾಗಲೇ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ಹೇಳಿದೆ. ಸ್ಕೂಟರಿನವನು ಒಳದಾರಿಯಿಂದ ನೋಡದೆ ಬಂದ. ತಪ್ಪು ತನ್ನದೆಂದು ಅವನೇ ಒಪ್ಪಿದ. ವೇಗ ಹೆಚ್ಚಿರಲಿಲ್ಲ, ಬ್ರೇಕ್ ಗುರುತು ಹನ್ನೊಂದು ಹೆಜ್ಜೆ. ಕಾರು ತಾಗಲಿಲ್ಲ. ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆದರೆ ಕೂಗಿದ್ದನ್ನು ಬಿಟ್ಟಿದ್ದೆ. ಅಳತೆ ಸರಿಯಿಟ್ಟು ಒಂದು ಗಡಿಕಲ್ಲನ್ನೇ ನಕ್ಷೆಯಿಂದ ಬಿಟ್ಟ ಹಾಗೆ. ಮೂವತ್ತು ವರ್ಷದಲ್ಲಿ ಯಾರಿಗೂ ಮಾಡದ್ದನ್ನು ಅಕ್ಕನಿಗಾಗಿ ಮಾಡಿದೆ.

ವಿನಯಾ ಉಸಿರು ಬಿಟ್ಟಳು. “ಹಾಗಾದರೆ ಅಮ್ಮನದ್ದು ಎಂತ ತಪ್ಪಿಲ್ಲ.”

“ಇಲ್ಲ,” ಎಂದೆ.

ಅಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. “ಅವನದ್ದು ತಪ್ಪು ಹೌದು,” ಎಂದಳು. “ಆದರೆ ನನಗೆ ಅವನು ಕಾಣಲೇ ಇಲ್ಲ ಮಗಾ. ಇವನು ಬೊಬ್ಬೆ ಹಾಕದಿದ್ದರೆ ನಾನು ಬ್ರೇಕ್ ಒತ್ತುತ್ತಿರಲಿಲ್ಲ. ಎಡದ ಕಣ್ಣು ಮಸುಕಾಗಿ ಸುಮಾರು ಸಮಯ ಆಯಿತು. ಹೇಳಿದರೆ ಕೀ ಕಿತ್ತುಕೊಳ್ತೀರಿ ಎಂದು ಸುಮ್ಮನಿದ್ದೆ.”

ವಿನಯಾ ನನ್ನ ಕಡೆ ತಿರುಗಿದಳು.

“ಇವನಿಗೆ ಗೊತ್ತುಂಟು. ಹೇಳ್ಲಿಕ್ಕೆ ಬಾಯಿ ಬರಲಿಲ್ಲ, ಪಾಪ,” ಎಂದು ನನ್ನ ತಲೆಗೆ ಮೊಟಕಿದಳು, ನಾನಿನ್ನೂ ಹಿಂದಿನ ಸೀಟಿನ ಹುಡುಗ ಎಂಬಂತೆ. ಸೆರಗಿನ ತುದಿಯಿಂದ ಕೀ ಬಿಚ್ಚಿ ಮೇಜಿನ ಮೇಲಿಟ್ಟಳು. “ಕಣ್ಣು ತೋರಿಸುವಾ. ಸರಿಯಾದರೆ ಇದು ನನಗೆ. ಆಗದಿದ್ದರೆ ನಿನಗೆ. ನನ್ನನ್ನು ಸಮಾಧಾನ ಮಾಡ್ಲಿಕ್ಕೆ ಯಾರೂ ಬರುವುದು ಬೇಡ.”

ಬೆಳ್ಮಣ್ಣಿನ ಏರು ಹತ್ತಿದ ದಿನಕ್ಕಿಂತ ಹೆಚ್ಚಿನ ಹೆಮ್ಮೆ ನನಗೆ ಆ ಹೊತ್ತಿನಲ್ಲಾಯಿತು. ಅಷ್ಟೇ ನಾಚಿಕೆಯೂ ಆಯಿತು. ಪರ್ಕಳಕ್ಕೆ ಮರಳುವ ಬಸ್ಸಿನಲ್ಲಿ ಆ ವೀಡಿಯೊವನ್ನು ಇನ್ನೊಮ್ಮೆ ನೋಡಿದೆ. ನಾನು ಇಷ್ಟು ವರ್ಷ ಕಟ್ಟಿಕೊಂಡಿದ್ದ ಮುಂದಿನ ಭಾಗ ಅದಕ್ಕೆ ಹೊಂದಲಿಲ್ಲ. ಈಗ ಹೊಂದುವುದು ಇದು: ಹೆಂಗಸು ಬಹಳ ದೂರ ಓಡಿಸುತ್ತಾಳೆ, ಕೂದಲು ನರೆಯುತ್ತದೆ, ಒಂದು ದಿನ ತಾನಾಗಿ ಕಾರನ್ನು ಬದಿಗೆ ನಿಲ್ಲಿಸಿ, ಇಳಿದು ಬಂದು, ನನಗೆ ಈ ಕಡೆ ಕಾಣುವುದಿಲ್ಲ ಎಂದು ಎಲ್ಲರೆದುರು ಹೇಳುತ್ತಾಳೆ. ಯಾವ ಕಂಪನಿಯೂ ಇದನ್ನು ಚಿತ್ರೀಕರಿಸಲಿಕ್ಕಿಲ್ಲ. ಒಂದು ಕಾರೂ ಮಾರಾಟವಾಗಲಿಕ್ಕಿಲ್ಲ. ನಾನು ಮಾತ್ರ ನೋಡುತ್ತೇನೆ.

ಅಕ್ಕನ ಎಡಗಣ್ಣಿಗೆ ಪೊರೆ ಬಂದಿತ್ತು. ಮಣಿಪಾಲದಲ್ಲಿ ಆಪರೇಷನ್ ಆಯಿತು. ಸೋಮವಾರದಿಂದ ಓಡಿಸಬಹುದು ಎಂದು ಮೊನ್ನೆ ಡಾಕ್ಟರು ಹೇಳಿದರು. ವಿನಯಾಳಿಗೆ ಡಾಕ್ಟರ ಮಾತು ಸಾಕಾಗಲಿಲ್ಲ. ನಿನ್ನೆ ಭಾನುವಾರ ಅವಳು ಅಕ್ಕನನ್ನು ಗೇಟಿನ ಹತ್ತಿರ ನಿಲ್ಲಿಸಿ, ಬಲಗಣ್ಣನ್ನು ತನ್ನ ಅಂಗೈಯಿಂದ ಮುಚ್ಚಿ, ಶಿರ್ವದ ಕಡೆಗೆ ಹೋಗುವ ಬಸ್ಸುಗಳ ಬೋರ್ಡು ಓದು ಎಂದಳು. ತಾಳೆ ನೋಡಲು ನಾನು, ಎರಡೂ ಕಣ್ಣು ತೆರೆದುಕೊಂಡು.

ಮೊದಲನೆಯದು ತಿರುವಿನಲ್ಲಿ ಕಂಡಿತು. “ಶಿರ್ವ,” ಎಂದಳು ಅಕ್ಕ. ಸರಿಯಿತ್ತು. ಎರಡನೆಯದು ಇನ್ನೂ ದೂರದಲ್ಲಿರುವಾಗಲೇ, “ಕಾರ್ಕಳ. ಕೆಳಗೆ ಸಣ್ಣಕ್ಕೆ ಬೆಳ್ಮಣ್ ಎಂದುಂಟು,” ಎಂದಳು.

“ಸರಿಯಾ ಮಾವ?” ಎಂದಳು ವಿನಯಾ.

ನಾನು ನೋಡಿದೆ. ಹಳದಿ ಬೋರ್ಡೊಂದು ಕಾಣುತ್ತಿತ್ತು. ದೊಡ್ಡಕ್ಷರದ ಆಕಾರ ಅಂದಾಜಾಗುತ್ತಿತ್ತು. ಅದರ ಕೆಳಗೆ ಏನೂ ಇರಲಿಲ್ಲ. ಹೂಂ ಎಂದುಬಿಡುವುದು ಬಹಳ ಸುಲಭವಿತ್ತು.

“ನನಗೆ ಕಾಣುವುದಿಲ್ಲ,” ಎಂದೆ. ಈ ಸಲ ತಡ ಮಾಡಲಿಲ್ಲ.

ಅಕ್ಕ ನಗತೊಡಗಿದಳು. ನಕ್ಕು ನಕ್ಕು ಹೊಸ ಕಣ್ಣಲ್ಲಿ ನೀರು ಬಂತು. “ನೋಡು ಮಾರಾಯ್ತಿ ನಿನ್ನ ಸಾಕ್ಷಿಯನ್ನು!” ಬಸ್ಸು ಹತ್ತಿರ ಬಂತು, ದಾಟಿ ಹೋಯಿತು. ಕಾರ್ಕಳ. ಕೆಳಗೆ ಸಣ್ಣಕ್ಷರದಲ್ಲಿ ಬೆಳ್ಮಣ್.

ವಿನಯಾ ಅಕ್ಕನ ಮುಖದಿಂದ ಕೈ ತೆಗೆದಳು. “ನಾಳೆ ಒಂಬತ್ತಕ್ಕೆ ಮಾವನನ್ನು ಮಣಿಪಾಲಕ್ಕೆ ಕರ್ಕೊಂಡು ಹೋಗಮ್ಮ, ಕಣ್ಣು ತೋರಿಸ್ಲಿಕ್ಕೆ,” ಎಂದು ಹೇಳಿ ಕೀ ತರಲು ಒಳಗೆ ಹೋದಳು.