ಹುಣಸೆ ಬೀಜದ ಸ್ಟೇಷನ್ನುಗಳು

ಅಮೆರಿಕದ ವಾರೆನ್‌ನಲ್ಲಿರುವ ಮಗಳ ಮನೆಗೆ ಬಂದ ಮೇಲೆ ನನಗೆ ಕಾಲಿದ್ದೂ ಇಲ್ಲದಂತಾಗಿದೆ. ಅಂಗಡಿ ಮೂರು ಮೈಲಿ, ಗುಡಿ ಅದಕ್ಕಿಂತ ದೂರ. ಯಾರಾದರೂ ಡ್ರೈವ್ ಮಾಡಿದರೆ ಹೊರಗೆ, ಇಲ್ಲದಿದ್ದರೆ ಒಳಗೆ. ಅದಕ್ಕೇ ಬೇಸಿಗೆ ರಜೆಯಲ್ಲಿ ಎಲ್ಲರೂ ಯುರೋಪಿಗೆ ಹೋಗಿ ಬರೀ ರೈಲಿನಲ್ಲೇ ತಿರುಗೋಣ ಎಂದು ಮಗಳು ಹೇಳಿದಾಗ ನಾನು ಎರಡನೇ ಮಾತು ಆಡಲಿಲ್ಲ.

ಅದಕ್ಕೊಂದು ಪಾಸು ಇದೆಯಂತೆ. ಒಂದೇ ಪಾಸಿನಲ್ಲಿ ಹಲವು ದೇಶ. ಮೊಮ್ಮಗಳು ಊಟದ ಮೇಜಿನ ಮೇಲೆ ನಕಾಶೆ ಹಾಸಿದಳು. ಕನ್ನಡವನ್ನೇ ಕೂಡಿಸಿ ಕೂಡಿಸಿ ಓದುವ ನನಗೆ ಇಂಗ್ಲಿಷಿನ ಊರು ಎಲ್ಲಿ ತಿಳಿಯಬೇಕು. ಚೌಕಾಬಾರದ ಹುಣಸೆ ಬೀಜ ತಂದು ಇಳಿಯುವ ಊರಿಗೊಂದರಂತೆ ಇಟ್ಟೆ. ಪ್ಯಾರಿಸ್ಸಿಗೊಂದು, ಜ್ಯೂರಿಕ್ಕಿಗೊಂದು, ವಿಯೆನ್ನಾಕ್ಕೊಂದು. ಸಂಜೆಯಾದರೆ ಬೀಜ ಸರಿಸುವುದೇ ಕೆಲಸ. ಅಳಿಯನಿಗೆ ನಸುಕಿನ ರೈಲು ಬೇಡ. ಮಗಳಿಗೆ ರೈಲು ಬದಲಿಸುವುದು ಬೇಡ, ಅನ್ನದ ಕುಕ್ಕರು ಹೊರುವವಳು ಅವಳು. ರಾತ್ರಿ ರೈಲು ಬೇಡವೆಂದು ನಾನು ಹಟ ಹಿಡಿದೆ. ಕತ್ತಲಲ್ಲಿ ಕಿಟಕಿ ಇದ್ದರೇನು, ಬಿಟ್ಟರೇನು.

ದೇಶ ದಾಟುವಾಗ ಕೆಳಗಿಳಿಸಿ ಕಾಗದ ನೋಡುತ್ತಾರೇನು ಎಂದು ಮತ್ತೆ ಮತ್ತೆ ಕೇಳುತ್ತಿದ್ದೆ. ಮೊಮ್ಮಗಳು, "ನೋ ಅಜ್ಜಿ, ನೋಬಡಿ ಕೇರ್ಸ್," ಅನ್ನುತ್ತಿದ್ದಳು. ಕಣ್ಣು ಮುಚ್ಚಿದ್ದರೆ ದಾಟಿದ್ದೇ ಗೊತ್ತಾಗುವುದಿಲ್ಲವಂತೆ.

ಪಾಸು ಬಂತು. ಸೀಟು ಹಿಡಿದದ್ದಾಯಿತು. ನಾನು ಕಡಕ್ ರೊಟ್ಟಿ ಬಡಿದು ಡಬ್ಬಿ ತುಂಬಿಸಿದೆ. ಅವರ ಮೂವರದೂ ಇಲ್ಲಿನ ಪಾಸ್‌ಪೋರ್ಟು, ನನ್ನದು ಇಂಡಿಯಾದ್ದು. ನನಗೊಬ್ಬಳಿಗೇ ವೀಸಾ ಬೇಕಿತ್ತು. ವೀಸಾದವರು ಕೇಳಿದ್ದು ಒಂದೇ: ಇವರು ತಿರುಗಿ ಅಮೆರಿಕಕ್ಕೆ ಬರುವ ಕಾಗದ ಎಲ್ಲಿ? ಮಗಳು ಫೋನು ಕೆಳಗಿಟ್ಟು ನನ್ನ ಮುಖ ನೋಡಿದಳು.

ನನ್ನ ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿ ಕಾಯುತ್ತಿದ್ದೇವೆ. ಅದು ಕೈಗೆ ಬರುವ ಮೊದಲು ದೇಶ ಬಿಟ್ಟರೆ ಅರ್ಜಿ ಸತ್ತಂತೆ. ಹೋಗಿ ಬರಲು ಬೇರೆ ಅಪ್ಪಣೆ ಬೇಕು. ಅದಕ್ಕೂ ಆಗಲೇ ಅರ್ಜಿ ಹಾಕಬಹುದಿತ್ತು, ಹಾಕಿರಲಿಲ್ಲ. ಈಗ ಹಾಕಿದರೆ ತಿಂಗಳುಗಟ್ಟಲೆ.

"ಯಾಕ ಹಾಕಲಿಲ್ಲ?" ಎಂದೆ.

"ನೀ ಎಲ್ಲಿಗೆ ಹೋಗಾಕಿ ಅಂತ ಬಿಟ್ಟೆ ಅವ್ವಾ," ಎಂದಳು.

ಆ ಅಪ್ಪಣೆಗೆ ಪರೋಲು ಅನ್ನುತ್ತಾರಂತೆ. ಜೈಲಿನವರಿಗೆ ಕೊಡುತ್ತಾರಲ್ಲ ಅದೇನು ಎಂದು ಕೇಳಿದೆ. ಅಳಿಯ ನಕ್ಕ. ಮಗಳು ನಗಲಿಲ್ಲ.

ಹಾಗಾದರೆ ಯಾರೂ ಹೋಗುವುದು ಬೇಡ ಎಂದಳು ಮಗಳು. ಅದು ಇನ್ನೂ ಕಷ್ಟ. ನನ್ನಿಂದ ಮೂವರು ಮನೆಯಲ್ಲಿ ಕೂತರೆ ದಿನಾ ಅವರ ಮುಖ ನಾನೇ ನೋಡಬೇಕಲ್ಲ. ಹೋಗಿ ಎಂದೆ. ಬೀಜಗಳನ್ನು ಆರಿಸಿ ಡಬ್ಬಿಗೆ ಹಾಕಿದೆ. ಅರ್ಧ ರೊಟ್ಟಿ ಅವರಿಗೆ ಕಟ್ಟಿಕೊಟ್ಟೆ, ಅರ್ಧ ನಾನು ಇಟ್ಟುಕೊಂಡೆ. ಅವರು ಬರುವ ತನಕ ಚಿಕಾಗೋ ಹತ್ತಿರದ ಲೆಮಾಂಟ್‌ನಲ್ಲಿ ತಂಗಿಯ ಮಗಳ ಮನೆಯಲ್ಲಿ ನಾನಿರಬೇಕೆಂದಾಯಿತು. ಕಾರಿನಲ್ಲಿ ಬಿಟ್ಟು ಬರುತ್ತೇನೆ ಎಂದ ಅಳಿಯ.

"ರೈಲು ಇಲ್ಲೇನು?" ಎಂದೆ.

ಚಿಕಾಗೋ ತನಕ ಇತ್ತು. ಮೊಮ್ಮಗಳು ನನ್ನನ್ನು ಕಿಟಕಿ ಪಕ್ಕ ಕೂರಿಸಿ, ಟಿಕೇಟು ನೋಡುವವನಿಗೆ ಏನೋ ಹೇಳಿ ಇಳಿದು ಹೋದಳು. ರಾಜ್ಯ ದಾಟಿದ್ದು ಗೊತ್ತೇ ಆಗಲಿಲ್ಲ, ಅಷ್ಟು ಮಾತ್ರ ಅವಳು ಹೇಳಿದ ಹಾಗೆ. ಆಮೇಲೆ ಹೊಲದ ನಡುವೆ ರೈಲು ನಿಂತುಬಿಟ್ಟಿತು. ಗೂಡ್ಸ್ ಗಾಡಿಗೆ ದಾರಿ ಬಿಡುತ್ತಿರಬೇಕು. ಬಾಗಿಲು ತೆರೆಯಲಿಲ್ಲ. ಮುಂದಿನ ಸೀಟಿನ ಹೆಂಗಸು ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದಳು. ಹೊರಗೆ ಬರೀ ಮೆಕ್ಕೆಜೋಳ. ನಾನು ರೊಟ್ಟಿ ಮುರಿದು ತಿಂದೆ. ನಿಂತರೆ ನಿಲ್ಲಲಿ, ಕಿಟಕಿಯಂತೂ ಇದೆ.

ಚಿಕಾಗೋದಲ್ಲಿ ತಂಗಿಯ ಮಗಳು ಕಾರು ತಂದಿದ್ದಳು. "ಇಷ್ಟ್ ಲೇಟಾತಲ್ಲ ದೊಡ್ಡವ್ವ, ಬೋರ್ ಆತೇನು?" ಎಂದಳು. ಇಲ್ಲ ಎಂದೆ. ಬೆಲ್ಟು ಕಟ್ಟಿದಳು. ಹೆದ್ದಾರಿಯ ಒಂದು ಎಕ್ಸಿಟ್ಟು, ಇನ್ನೊಂದು ಎಕ್ಸಿಟ್ಟು, ಮಗಳ ಮನೆಯಂಥದೇ ಇನ್ನೊಂದು ಮನೆ. ಕಾರು ಒಳಗೆ ಹೋದ ಮೇಲೆ ಗ್ಯಾರೇಜಿನ ಬಾಗಿಲು ನಮ್ಮ ಹಿಂದೆ ತಾನಾಗಿ ಇಳಿಯಿತು.