ಕೋವಿಗೆ ತುಪ್ಪ

ಆಲ್ಮೆರೆ ಎಂಬ ಡಚ್ ಊರಿನ ನಮ್ಮ ಸಾಲುಮನೆಗಳ ಗೋಡೆಗಳು ಮಾತನ್ನು ತಡೆಯುತ್ತವೆ, ಜಗಳವನ್ನೂ ತಕ್ಕಮಟ್ಟಿಗೆ ತಡೆಯುತ್ತವೆ. ಆದರೆ ತುಪ್ಪ ಕಾಯಿಸುವ ಪರಿಮಳವನ್ನು ತಡೆಯಬಲ್ಲ ಗೋಡೆಯನ್ನು ಡಚ್ಚರು ಇನ್ನೂ ಕಟ್ಟಿಲ್ಲ. ಸಮುದ್ರವನ್ನೇ ಹಿಂದಕ್ಕೆ ತಳ್ಳಿ ಊರು ಮಾಡಿಕೊಂಡ ಜನ ಇದೊಂದನ್ನು ಹೇಗೆ ಬಿಟ್ಟರೋ ತಿಳಿಯದು. ಉಡುಪಿಯಿಂದ ನಮ್ಮತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಬಂದಾಗಲೆಲ್ಲ ಸೂಪರ್‌ಮಾರ್ಕೆಟ್ಟಿನ ಬೆಣ್ಣೆ ಮನೆಗೆ ರಾಶಿ ರಾಶಿಯಾಗಿ ಬಂದು ಬೀಳುತ್ತದೆ, ಮತ್ತು ಸಂಜೆಯ ವಾಯುವಿಹಾರಕ್ಕೆ ಹೊರಟ ನಾಯಿಗಳು ನಮ್ಮ ಬಾಗಿಲ ಮುಂದೆ ನಿಂತು ಯಜಮಾನರ ಮಾತು ಕೇಳುವುದನ್ನು ಬಿಟ್ಟುಬಿಡುತ್ತವೆ.

ನಾಯಿಗಳ ಮಾತಿರಲಿ. ಈ ಸಲ ಬಾಗಿಲು ತಟ್ಟಿದವರು ಪಕ್ಕದ ಮನೆಯ ವಿಮ್. ವಯಸ್ಸು ಎಪ್ಪತ್ತು ದಾಟಿದೆ, ಹೆಂಡತಿ ಗ್ರೀಟ್ ತೀರಿಕೊಂಡು ವರ್ಷವಾಗಿದೆ. ಕೈಯಲ್ಲೊಂದು ಹಳೆಯ ಅಲ್ಯುಮಿನಿಯಂ ಪಾತ್ರೆ, ಅದರಲ್ಲಿ ಜೇನುಮೇಣದ ಗಟ್ಟಿ ಮತ್ತು ಕಾಗದದಲ್ಲಿ ಸುತ್ತಿದ ಕುರಿಯ ಕೊಬ್ಬು. ಮಗಳು ಅಕ್ಕರೆಯಿಂದ ಹೊಸ ಇಂಡಕ್ಷನ್ ಒಲೆ ಹಾಕಿಸಿಕೊಟ್ಟಿದ್ದಾಳೆ, ಅದರ ಮೇಲೆ ಈ ಪಾತ್ರೆ ಬಿಸಿಯಾಗುವುದಿಲ್ಲ, ನಿಮ್ಮ ಗ್ಯಾಸ್ ಒಲೆಯಲ್ಲಿ ಸ್ವಲ್ಪ ಕರಗಿಸಿಕೊಳ್ಳಲೇ ಎಂದು ಸಂಕೋಚದಿಂದ ಕೇಳಿದರು.

ಏನು ಎಂದು ವಿಚಾರಿಸಿದರೆ, ಕೋವಿಯ ಗುಂಡಿಗೆ ಸವರುವ ಜಿಡ್ಡಂತೆ. ಸೊಳ್ಳೆಬ್ಯಾಟಿಗಿಂತ ದೊಡ್ಡ ಆಯುಧವನ್ನು ಹಿಡಿದರಿಯದ ನನಗೆ ಅವರು ತಾಳ್ಮೆಯಿಂದ ತಿಳಿಸಿ ಹೇಳಿದರು. ಅವರದು ಹಳೆಯ ಕಾಲದ ಕೇಪಿನ ಕೋವಿ. ಪ್ರತಿ ಸಲವೂ ನಳಿಗೆಯ ಬಾಯಿಂದ ಕರಿಮದ್ದು ಸುರಿದು, ಸೀಸದ ಗುಂಡನ್ನು ತಳದವರೆಗೂ ತಳ್ಳಬೇಕು. ಈಗಿನ ಹೊಗೆಯಿಲ್ಲದ ಮದ್ದಿಗೆ ಅಂಗಡಿಯ ಯಾವ ಗ್ರೀಸಾದರೂ ನಡೆದೀತು, ಆದರೆ ಕರಿಮದ್ದು ಸುಟ್ಟರೆ ನಳಿಗೆಯೊಳಗೆ ಕಲ್ಲಿನಂಥ ಮಸಿ ಕೂರುತ್ತದೆ, ಅದನ್ನು ಮೆತ್ತಗಿಡುವುದು ಮೇಣವೂ ಕೊಬ್ಬೂ ಹದವಾಗಿ ಬೆರೆತ ಜಿಡ್ಡು ಮಾತ್ರ. ಗುಂಡು ಎರಕ ಹೊಯ್ಯುವುದು ವಿಮ್ ಅವರ ಕೆಲಸವಾದರೆ ಜಿಡ್ಡು ಕಾಯಿಸುವುದು ಗ್ರೀಟ್ ಅವರ ಕೆಲಸವಾಗಿತ್ತು. ಆಕೆ ಹೋದ ಮೇಲೆ ಇವರೇ ಮಾಡಿಕೊಂಡದ್ದು ಚಳಿಗೆ ಗಟ್ಟಿಯಾಗಿ, ಗುರಿ ಹೊಡೆಯುವ ಶನಿವಾರದ ಕ್ಲಬ್ಬಿನಲ್ಲಿ ಎಲ್ಲರೆದುರು ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿತು. ಗೆಳೆಯರು ನಗದೆ ಬಂದು ತೆಗೆದುಕೊಟ್ಟರು. ನಕ್ಕಿದ್ದರೆ ಚೆನ್ನಾಗಿತ್ತು ಅಂದರು ವಿಮ್. ಈ ಶನಿವಾರವೂ ಸರಿಹೋಗದಿದ್ದರೆ ಕೋವಿಯನ್ನು ಕ್ಲಬ್ಬಿಗೆ ಕೊಟ್ಟು ಮನೆಯಲ್ಲಿ ಕೂರುತ್ತೇನೆ ಎಂದು ಹೇಳುವಾಗ ಅವರು ನನ್ನನ್ನು ನೋಡದೆ ಪಾತ್ರೆಯನ್ನೇ ನೋಡುತ್ತಿದ್ದರು. ಮನೆಯಲ್ಲಿ ಕೂರುವುದೆಂದರೆ ಆ ಮನೆಯಲ್ಲಿ ಏನೆಂದು ನನಗೆ ಗೊತ್ತಿತ್ತು. ಅವರ ಕಿಟಕಿಯ ಪರದೆ ಮಧ್ಯಾಹ್ನದವರೆಗೂ ಸರಿಯದ ದಿನಗಳನ್ನು ನಾನು ಕಂಡಿದ್ದೆ.

ಕೋವಿಯ ತೋಟಾಗಳಿಗೆ ಸವರಿದ ಕೊಬ್ಬಿನಿಂದ ನಮ್ಮ ದೇಶದಲ್ಲಿ ಒಂದು ದಂಗೆಯೇ ಎದ್ದಿತ್ತೆಂದು ಶಾಲೆಯಲ್ಲಿ ಓದಿದ್ದೆ. ಎರಡನೆಯದು ನಮ್ಮ ಅಡುಗೆಮನೆಯಲ್ಲೇ ಏಳುವ ಲಕ್ಷಣ ಕಾಣಿಸಿತು. ಕಾಗದದ ಪೊಟ್ಟಣದಲ್ಲಿ ಏನಿದೆಯೆಂದು ತಿಳಿದೊಡನೆ ಅತ್ತೆ ಸೌಟು ಹಿಡಿದುಕೊಂಡೇ ಒಲೆಗೆ ಅಡ್ಡವಾಗಿ ನಿಂತರು. ಆದರೆ ಸಂಗತಿಯನ್ನೆಲ್ಲ ಕನ್ನಡದಲ್ಲಿ ಹೇಳಿದಾಗ ಅವರ ಮುಖ ಮೆತ್ತಗಾಯಿತು.

"ಜಿಡ್ಡು ಬೇಕಾದ್ದು ಅಲ್ವಾ? ನನ್ನ ತುಪ್ಪ ಉಂಟಲ್ಲ. ಆ ಪೊಟ್ಟಣ ಒಂದು ಹೊರಗೆ ಇಡ್ಲಿಕ್ಕೆ ಹೇಳಿ ಅವರಿಗೆ."

ಹೀಗೆ ಗುರುವಾರ ಸಂಜೆ ಕುರಿಯ ಕೊಬ್ಬಿನ ಸ್ಥಾನಕ್ಕೆ ಉಡುಪಿಯ ಕೈಯ ತುಪ್ಪ ಬಂತು. ಸಂಸ್ಕೃತದಲ್ಲಿ ಜಿಡ್ಡಿಗೂ ಸ್ನೇಹವೆಂದೇ ಹೆಸರು ಎಂದು ನಾನು ಪಾಂಡಿತ್ಯ ಮೆರೆಯಲು ಹೋದೆ. ಸುಮ್ಮನೆ ಉರಿ ಸಣ್ಣ ಮಾಡಿ ಎಂದರು ಅತ್ತೆ. ಡಬ್ಬಿಯ ತಳದಲ್ಲಿದ್ದುದನ್ನು ಬಳಿದು ಹಾಕಿ, ಮೇಣದೊಡನೆ ಕರಗಿಸಿ, ಒಬ್ಬರ ಭಾಷೆ ಒಬ್ಬರಿಗೆ ಬಾರದ ಆ ಇಬ್ಬರೂ ತಟ್ಟೆಯ ಮೇಲೆ ಹನಿ ಬೀಳಿಸಿ ಹದ ನೋಡಿದರು. ವಿಮ್ ಬೆರಳುಗಳ ನಡುವೆ ಉಜ್ಜಿ ಮೆಚ್ಚಿ ತಲೆಯಾಡಿಸಿದರು. ಪರಿಮಳಕ್ಕೆ ಸೋತು ಅನ್ಯಮನಸ್ಕರಾಗಿ ಬೆರಳನ್ನು ಬಾಯಿಗಿಟ್ಟುಕೊಂಡರು. ಅಲ್ಲಿಗೇ ನಿಂತುಬಿಟ್ಟರು.

"ಉಪ್ಪಿದೆ," ಅಂದರು.

ಇದ್ದೇ ಇತ್ತು. ತುಪ್ಪ ಇಳಿಸುವ ಹೊತ್ತಿಗೆ ನಾಲ್ಕು ಕಲ್ಲುಪ್ಪು ಹಾಕಿದರೆ ಅದು ಹರಳುಹರಳಾಗಿ ಕೂರುತ್ತದೆಂಬುದು ಅತ್ತೆಯ ತಾಯಿಯ ಕಾಲದಿಂದ ಬಂದ ರೂಢಿ. ಅದನ್ನು ಯಾರೂ ಹೇಳಿ ಮಾಡುವುದಿಲ್ಲ, ಕೈ ತಾನಾಗಿ ಹಾಕುತ್ತದೆ. ಉಪ್ಪು ತಾಗಿದರೆ ಕಬ್ಬಿಣದ ನಳಿಗೆ ವಾರ ಕಳೆಯುವುದರೊಳಗೆ ತುಕ್ಕು ಹಿಡಿಯುತ್ತದಂತೆ. ಅತ್ತೆಗಾದರೋ ಅದು ನಾಲಿಗೆಗೆ ಗೊತ್ತಾಗುವ ಸಂಭವವೇ ಇರಲಿಲ್ಲ; ಒಲೆಯ ಮೇಲಿನದನ್ನು ರುಚಿ ನೋಡಿದರೆ ಎಂಜಲಾಯಿತೆಂದು ನಂಬಿದವರು, ಮದುವೆಯಾದಂದಿನಿಂದ ಕಣ್ಣು ಮೂಗುಗಳಿಂದಲೇ ಅಡುಗೆ ಮಾಡಿದವರು.

ನಾನು ಕ್ಷಮೆ ಕೇಳಲು ಶುರುಮಾಡಿದೆ. ವಿಮ್ ಅದನ್ನು ಕೇಳಿಸಿಕೊಳ್ಳಲಿಲ್ಲ. ಕುರ್ಚಿ ಎಳೆದು ಕೂತು, ಆ ಬೆರಳನ್ನೇ ನೋಡುತ್ತ, ನಿಧಾನವಾಗಿ ಹೇಳಿದರು: "ಗ್ರೀಟ್ ಯಾವಾಗಲೂ ಇದನ್ನು ನೆಕ್ಕಿ ನೋಡುತ್ತಿದ್ದಳು. ಇದು ತಿನ್ನುವ ವಸ್ತುವಲ್ಲ ಎಂದು ನಾನು ಪ್ರತಿಸಲವೂ ಗದರುತ್ತಿದ್ದೆ. ಅವಳು ನಗುತ್ತಿದ್ದಳು. ಮಾಂಸದಂಗಡಿಯವನು ಒಮ್ಮೊಮ್ಮೆ ಉಪ್ಪು ಹಾಕಿಟ್ಟ ಕೊಬ್ಬು ಕೊಡುತ್ತಿದ್ದ. ಅವಳು ನನ್ನ ಕೋವಿಯನ್ನು ನೋಡಿಕೊಳ್ಳುತ್ತಿದ್ದಳು, ಬ್ಯೂರ್‌ಮನ್."

ನೆರೆಯವನೇ ಎಂಬುದನ್ನು ಅವರು ಯಾವಾಗಲೂ ಡಚ್ಚಿನಲ್ಲೇ ಹೇಳುವುದು. ಅತ್ತೆಗೆ ಅನುವಾದಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. ಅತ್ತೆ ಒಲೆ ಆರಿಸಿದರು. ಆಮೇಲೆ, "ಒಂದು ದಿನವೂ ಹೇಳ್ಲೇ ಇಲ್ಲ ನೋಡಿ ಆ ಹೆಂಗಸು," ಎಂದಷ್ಟೇ ಹೇಳಿ, ಅಷ್ಟನ್ನೂ ಪಾತ್ರೆಯಿಂದ ಕಸಕ್ಕೆ ಸುರಿದರು. ಪ್ರೀತಿಯ ಬಗೆಗೆ ನಾವು ಇಷ್ಟುದ್ದ ಬರೆಯುತ್ತೇವೆ, ಹಾಡುತ್ತೇವೆ. ಬೈಸಿಕೊಂಡು ನಗುತ್ತ ಬೆರಳು ನೆಕ್ಕಿದವರು ಅದನ್ನು ಮಾಡಿ ಮುಗಿಸಿ ಹೋಗಿರುತ್ತಾರೆ.

ಶನಿವಾರ ಬೆಳಿಗ್ಗೆ ಹೊಸ ಬೆಣ್ಣೆ ಕಾಯಿತು. ಕಲ್ಲುಪ್ಪಿನ ಭರಣಿಯನ್ನು ಅತ್ತೆ ತಾವಾಗಿಯೇ ಎತ್ತಿ ಹಾಲ್‌ನಲ್ಲಿಟ್ಟು ಬಂದಿದ್ದರು, ಕೈಯ ಮೇಲೆ ತಮಗೇ ನಂಬಿಕೆಯಿಲ್ಲವೆಂದು. ತುಪ್ಪ, ಮೇಣ ಬೆರೆತು ತಣಿದವು. ವಿಮ್ ಬೆರಳು ಅದ್ದಲು ಹೋಗಿ ತಡೆದುಕೊಂಡರು. ಎರಡು ಸಲ ಹೋಗಿ ಹಿಂದೆ ಬಂತು ಆ ಕೈ. ಗ್ರೀಟ್ ಮಾಡುತ್ತಿದ್ದುದನ್ನು ತಾವೇ ಮಾಡುವುದು ಅವರಿಂದ ಆಗಲಿಲ್ಲ. ನಾನು ಮುಂದಾಗುವಷ್ಟರಲ್ಲಿ ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಪಾತ್ರೆಗೆ ತೋರುಬೆರಳು ಅದ್ದಿ, ಕಣ್ಣು ಮುಚ್ಚಿ ನಾಲಿಗೆಗಿಟ್ಟುಕೊಂಡರು. ಒಲೆಯ ಮುಂದೆ ನಿಂತು ಅವರು ರುಚಿ ನೋಡಿದ್ದನ್ನು ನನ್ನ ಹೆಂಡತಿಯೂ ಎಂದೂ ಕಂಡಿರಲಿಲ್ಲ.

"ಉಪ್ಪಿಲ್ಲ," ಅಂದರು ಅತ್ತೆ. "ಹೋಗಿ ಬರ್ಲಿಕ್ಕೆ ಹೇಳಿ ಅವರಿಗೆ."

ಅನುವಾದಿಸಲು ನಾನು ಬಾಯಿ ತೆರೆದೆ. ಅಷ್ಟರಲ್ಲಾಗಲೇ ವಿಮ್ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು.